ನವಜಾತ ಶಿಶುಗಳ ಶ್ರವಣ ತಪಾಸಣೆ: ಗುಣಮಟ್ಟ ಅಳೆಯುವುದು, ಕಾಪಾಡುವುದು

ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಶಾಶ್ವತ ಶ್ರವಣದೋಷ ಇರುತ್ತದೆ. ಹಾಗಾಗಿ ತಪಾಸಣೆ ಮಾಡುವವರ ಕಣ್ಣಿಗೆ ದಿನವಿಡೀ ಬೀಳುವುದು ಬಹುತೇಕ ‘ಪಾಸ್’ ಫಲಿತಾಂಶವೇ. ತಪ್ಪಾಗಿ ಪಾಸ್ ಆದ ಮಗು ಯಾವ ಸುಳಿವನ್ನೂ ಕೊಡದೆ ಮನೆಗೆ ಹೋಗುತ್ತದೆ. ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲವಲ್ಲ ಎಂದು ತಂದೆತಾಯಿ ಚಿಂತೆಗೆ ಬಿದ್ದ ಮೇಲೆಯೇ ಆ ತಪ್ಪು ಹೊರಗೆ ಬರುವುದು. ‘ರೆಫರ್’ ಆಗಿ, ಅಂದರೆ ಪಾಸ್ ಆಗದೆ ಮುಂದಿನ ಪರೀಕ್ಷೆ ಬೇಕೆಂಬ ಫಲಿತಾಂಶ ಬಂದು, ಮರುಪರೀಕ್ಷೆಗೆ ಬಾರದೆ ಹೋದ ಮಗುವಿನದೂ ಇದೇ ಕಥೆ. ತಾವಾಗಿ ಬಯಲಿಗೆ ಬಾರದ ಇಂಥ ತಪ್ಪುಗಳನ್ನು ಹುಡುಕಿಕೊಂಡು ಹೋಗುವುದೇ ಈ ಕಾರ್ಯಕ್ರಮದಲ್ಲಿ ಗುಣಮಟ್ಟ ನಿರ್ವಹಣೆಯ ನಿಜವಾದ ಕೆಲಸ. ಯಂತ್ರ ಎಷ್ಟು ದುಬಾರಿಯದು ಎಂಬುದು ಆಮೇಲಿನ ಮಾತು.

ಗುರಿ ಎಲ್ಲರಿಗೂ ಗೊತ್ತಿರುವ 1-3-6: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ಭಾಷಾ ತರಬೇತಿಯ ಆರಂಭ. ಅಮೆರಿಕದ ಜಾಯಿಂಟ್ ಕಮಿಟಿ ಆನ್ ಇನ್‌ಫೆಂಟ್ ಹಿಯರಿಂಗ್ 2007ರಲ್ಲಿ ಇದಕ್ಕೆ ಅಳತೆಗಳನ್ನೂ ಕೊಟ್ಟಿತು. ಶೇ. 95ಕ್ಕಿಂತ ಹೆಚ್ಚು ಮಕ್ಕಳಿಗೆ ಒಂದು ತಿಂಗಳೊಳಗೆ ತಪಾಸಣೆ ಮುಗಿಯಬೇಕು. ಮರುತಪಾಸಣೆಯೂ ಆದ ಮೇಲೆ ಪೂರ್ಣ ಪರೀಕ್ಷೆಗೆ ಹೋಗಬೇಕಾದವರು ಶೇ. 4ಕ್ಕಿಂತ ಕಡಿಮೆ ಇರಬೇಕು. ಹಾಗೆ ಕಳುಹಿಸಿದವರಲ್ಲಿ ಶೇ. 90 ಮಕ್ಕಳ ರೋಗನಿರ್ಣಯ ಮೂರು ತಿಂಗಳೊಳಗೆ ಪೂರ್ಣಗೊಳ್ಳಬೇಕು. ಈ ಗುರಿ ಮುಟ್ಟಿದವರು 1-2-3ರತ್ತ, ಅಂದರೆ ಅದೇ ಮೂರು ಹಂತಗಳನ್ನು ಒಂದು, ಎರಡು, ಮೂರು ತಿಂಗಳೊಳಗೆ ಮುಗಿಸುವತ್ತ, ಸಾಗಲಿ ಎಂದು ಅದೇ ಸಮಿತಿ 2019ರಲ್ಲಿ ಹೇಳಿದೆ. ಹೊಸದಾಗಿ ಶುರು ಮಾಡುವವರು ಮೇಲಿನ ಮೂರು ಶೇಕಡಾವಾರು ಸಂಖ್ಯೆಗಳನ್ನು ನಂಬಿಕೆಗೆ ಅರ್ಹವಾಗಿ ಲೆಕ್ಕ ಹಾಕಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಛೇದವನ್ನು ಸರಿಪಡಿಸಿ

‘ನಮ್ಮಲ್ಲಿ ಶೇ. 99 ತಪಾಸಣೆ ಆಗುತ್ತಿದೆ’ ಎಂದು ಹೇಳುವ ಎಷ್ಟೋ ಕಡೆ ಶೇಕಡಾವಾರಿನ ಕೆಳಗಿರುವ ಸಂಖ್ಯೆಯೇ ತಪ್ಪಿರುತ್ತದೆ. ತಪಾಸಣೆಯ ರಿಜಿಸ್ಟರ್‌ನಲ್ಲಿ ಹೆಸರಿರುವ ಮಕ್ಕಳನ್ನೇ ‘ಒಟ್ಟು ಮಕ್ಕಳು’ ಎಂದು ಹಿಡಿದರೆ, ರಿಜಿಸ್ಟರ್‌ಗೆ ಬಾರದ ಮಗು ಲೆಕ್ಕದಲ್ಲಿ ಹುಟ್ಟೇ ಇಲ್ಲ. ಛೇದ ಯಾವಾಗಲೂ ಹೆರಿಗೆ ಕೋಣೆಯ ರಿಜಿಸ್ಟರ್‌ನಲ್ಲಿರುವ ಜೀವಂತ ಜನನಗಳ ಸಂಖ್ಯೆಯೇ ಆಗಿರಬೇಕು.

ಇದಕ್ಕಾಗಿ ದಿನಕ್ಕೊಮ್ಮೆ, ನಿಗದಿತ ಹೊತ್ತಿಗೆ, ಒಬ್ಬರು ಹೆರಿಗೆ ರಿಜಿಸ್ಟರ್ ಮತ್ತು ತಪಾಸಣೆ ರಿಜಿಸ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಬೇಕು. ತಿಂಗಳ ಕೊನೆಯಲ್ಲಿ ನೋಡಿದರೆ ಮಗು ಆಗಲೇ ಮನೆ ಸೇರಿರುತ್ತದೆ. ಪ್ರತಿ ಮಗುವೂ ಈ ಸ್ಥಿತಿಗಳಲ್ಲಿ ಒಂದರಲ್ಲಿ ಇರಲೇಬೇಕು: ಎರಡೂ ಕಿವಿ ಪಾಸ್, ಒಂದು ಕಿವಿ ಅಥವಾ ಎರಡೂ ರೆಫರ್, ಪರೀಕ್ಷೆ ಅಪೂರ್ಣ, ಪೋಷಕರ ನಿರಾಕರಣೆ, ಬೇರೆ ಆಸ್ಪತ್ರೆಗೆ ವರ್ಗಾವಣೆ, ಮರಣ, ಅಥವಾ ತಪ್ಪಿಹೋಗಿದೆ. ಖಾಲಿ ಜಾಗ ಬಿಡುವಂತಿಲ್ಲ. ‘ಅಪೂರ್ಣ’ ಎಂಬುದನ್ನು ಎಂದಿಗೂ ಪಾಸ್ ಜೊತೆ ಸೇರಿಸಬೇಡಿ. ಬಲಗಿವಿ ಪಾಸ್ ಆಗಿ, ಎಡಗಿವಿಯ ಪರೀಕ್ಷೆ ಮುಗಿಯುವ ಮೊದಲೇ ಮಗು ಅಳತೊಡಗಿದರೆ ಅದು ಅಪೂರ್ಣವೇ ಹೊರತು ಪಾಸ್ ಅಲ್ಲ.

ವರ್ಗಾವಣೆಯಾದ ಮಕ್ಕಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಹುಟ್ಟಿದ ಆಸ್ಪತ್ರೆ ‘ನಮ್ಮಿಂದ ಹೋಯಿತು’ ಎಂದು ಕೈಬಿಡುತ್ತದೆ. ಹೋದ ಆಸ್ಪತ್ರೆ ‘ನಮ್ಮಲ್ಲಿ ಹುಟ್ಟಿದ್ದಲ್ಲ’ ಎಂದು ಸೇರಿಸಿಕೊಳ್ಳುವುದಿಲ್ಲ. ವರ್ಗಾವಣೆಯಾಗುವುದು ಹೆಚ್ಚಾಗಿ ತೀವ್ರ ನಿಗಾ ಬೇಕಾದ ಮಕ್ಕಳೇ ಆದ್ದರಿಂದ ಶ್ರವಣದೋಷದ ಅಪಾಯ ಅತಿ ಹೆಚ್ಚಿರುವ ಗುಂಪೇ ಎರಡೂ ಲೆಕ್ಕಗಳಿಂದ ಮಾಯವಾಗುತ್ತದೆ. ಹೋದ ಆಸ್ಪತ್ರೆಯಿಂದ ಫಲಿತಾಂಶ ಲಿಖಿತವಾಗಿ ಬರುವವರೆಗೆ ಆ ಮಗುವಿನ ಹೊಣೆ ಹುಟ್ಟಿದ ಆಸ್ಪತ್ರೆಯದೇ ಎಂಬ ನಿಯಮ ಮಾಡಿಕೊಳ್ಳುವುದು ಒಳ್ಳೆಯದು.

ಗುರುತಿನ ಗೊಂದಲವನ್ನೂ ಇಲ್ಲೇ ತಡೆಯಬೇಕು. ಹುಟ್ಟಿದಾಗ ಮಗುವಿಗೆ ಹೆಸರಿರುವುದಿಲ್ಲ, ತಾಯಿಯ ಹೆಸರಿನಲ್ಲೇ ದಾಖಲೆ. ಮರುತಪಾಸಣೆಗೆ ಬರುವ ಹೊತ್ತಿಗೆ ಮಗುವಿಗೆ ಹೆಸರಿಟ್ಟಿರುತ್ತಾರೆ, ಯಂತ್ರದಲ್ಲಿ ಹೊಸ ಮಗುವಾಗಿ ನಮೂದಾಗುತ್ತದೆ. ಒಂದೇ ಮಗು ಎರಡಾಗಿ, ಮೊದಲಿನದು ‘ಬರಲೇ ಇಲ್ಲ’ ಪಟ್ಟಿಯಲ್ಲೂ ಎರಡನೆಯದು ‘ಪಾಸ್’ ಪಟ್ಟಿಯಲ್ಲೂ ಸೇರುತ್ತದೆ. ಹುಟ್ಟಿನಿಂದ ಕೊನೆಯವರೆಗೆ ಬದಲಾಗದ ಒಂದು ಸಂಖ್ಯೆ ಇರಲಿ. ಅವಳಿ ಮಕ್ಕಳಾದರೆ ಪ್ರತಿಯೊಂದಕ್ಕೂ ಬೇರೆ ಸಂಖ್ಯೆ, ಪರೀಕ್ಷೆಗೆ ಮುನ್ನ ಕೈಪಟ್ಟಿ ಓದಿ ಖಾತ್ರಿ ಮಾಡಿಕೊಳ್ಳುವುದು ಕಡ್ಡಾಯ.

ಯಾವ ಮಗುವಿಗೆ ಯಾವ ಪರೀಕ್ಷೆ

ಬಳಕೆಯಲ್ಲಿರುವುದು ಎರಡು ವಿಧಾನ. ಓಎಇ ಪರೀಕ್ಷೆ ಕಿವಿಗೆ ಸದ್ದು ಕೊಟ್ಟು, ಒಳಗಿವಿಯ ಹೊರ ಕೂದಲುಕೋಶಗಳು ಹೊಮ್ಮಿಸುವ ಸಣ್ಣ ಪ್ರತಿಸದ್ದನ್ನು ಹಿಡಿಯುತ್ತದೆ. ಎಎಬಿಆರ್ ಪರೀಕ್ಷೆ ಸಾಮಾನ್ಯವಾಗಿ 35 ಡೆಸಿಬೆಲ್ ಮಟ್ಟದ ಕ್ಲಿಕ್ ಸದ್ದು ಕೊಟ್ಟು, ಶ್ರವಣ ನರ ಮತ್ತು ಮೆದುಳುಕಾಂಡದ ಪ್ರತಿಕ್ರಿಯೆಯನ್ನು ಎಲೆಕ್ಟ್ರೋಡ್‌ಗಳ ಮೂಲಕ ನೋಡುತ್ತದೆ. ಒಳಗಿವಿ ಸರಿಯಿದ್ದು ನರದ ಹಂತದಲ್ಲಿ ತೊಂದರೆಯಿರುವ ಆಡಿಟರಿ ನ್ಯೂರೋಪತಿ ಎಂಬ ಸ್ಥಿತಿಯಲ್ಲಿ ಓಎಇ ಪಾಸ್ ಆಗಿಬಿಡುತ್ತದೆ, ಎಎಬಿಆರ್ ಆಗುವುದಿಲ್ಲ. ಈ ಒಂದು ವ್ಯತ್ಯಾಸದಿಂದಲೇ ಬಹಳಷ್ಟು ನಿಯಮಗಳು ಹುಟ್ಟುತ್ತವೆ.

ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಐದು ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಎಎಬಿಆರ್ ಕಡ್ಡಾಯ, ಬರೀ ಓಎಇ ಸಾಲದು. ಅಂಥ ಮಗು ಎಎಬಿಆರ್‌ನಲ್ಲಿ ರೆಫರ್ ಆದರೆ ನೇರವಾಗಿ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಬಳಿಗೆ ಕಳುಹಿಸಬೇಕು. ಸಾಮಾನ್ಯ ವಾರ್ಡಿನ ಮಕ್ಕಳಿಗೆ ಓಎಇ ಮೊದಲು, ರೆಫರ್ ಆದರೆ ಎಎಬಿಆರ್ ಎಂಬ ಎರಡು ಹಂತದ ಕ್ರಮ ಚೆನ್ನಾಗಿ ನಡೆಯುತ್ತದೆ. ಆದರೆ ಎಎಬಿಆರ್‌ನಲ್ಲಿ ರೆಫರ್ ಆದ ಮಗುವನ್ನು ಓಎಇಯಲ್ಲಿ ಪಾಸ್ ಮಾಡಿಸಿ ಮನೆಗೆ ಕಳುಹಿಸುವುದು ದೊಡ್ಡ ತಪ್ಪು, ಏಕೆಂದರೆ ನ್ಯೂರೋಪತಿಯ ಮಗು ಮಾಡುವುದು ಅದನ್ನೇ. ಇದನ್ನು ಪ್ರೋಟೋಕಾಲ್ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಯಂತ್ರದ ಮೇಲೆಯೇ ಅಂಟಿಸಬೇಕು.

ಹೊರಕಿವಿಯ ರಚನೆ ಅಪೂರ್ಣವಾಗಿದ್ದರೆ ಅಥವಾ ಕಿವಿಯ ನಾಳ ಮುಚ್ಚಿದ್ದರೆ ತಪಾಸಣೆಯ ಗೊಡವೆ ಬೇಡ. ನೇರ ರೋಗನಿರ್ಣಯಕ್ಕೆ ಕಳುಹಿಸಿ. ಬ್ಯಾಕ್ಟೀರಿಯಾದಿಂದ ಮೆದುಳು ಪೊರೆಯ ಉರಿಯೂತ ಬಂದ ಮಗುವಿಗೂ ಇದೇ ನಿಯಮ. ತಪಾಸಣೆ ಪಾಸ್ ಆಗಿ ಮನೆಗೆ ಹೋದ ಮಗು, ರಕ್ತ ಬದಲಾಯಿಸುವಷ್ಟು ತೀವ್ರವಾದ ಕಾಮಾಲೆಯಿಂದಲೋ ರಕ್ತದ ಸೋಂಕಿನಿಂದಲೋ ಮೊದಲ ತಿಂಗಳಲ್ಲಿ ಮತ್ತೆ ದಾಖಲಾದರೆ ಹಳೆಯ ಪಾಸ್‌ಗೆ ಬೆಲೆಯಿಲ್ಲ. ಡಿಸ್ಚಾರ್ಜ್‌ಗೆ ಮುನ್ನ ಮತ್ತೊಮ್ಮೆ ಪರೀಕ್ಷಿಸಬೇಕು. ಮರುದಾಖಲಾತಿಯ ಮಕ್ಕಳು ಸಾಮಾನ್ಯವಾಗಿ ಬೇರೆ ವಾರ್ಡಿಗೆ ಹೋಗುವುದರಿಂದ ಈ ನಿಯಮವೇ ಹೆಚ್ಚು ಮರೆತುಹೋಗುವುದು.

ಮಗುವಿನ ಬಳಿ

ಅನಗತ್ಯ ರೆಫರ್‌ಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ. ಒಂದೊಂದನ್ನೂ ಬಿಡಿಸಿ ನೋಡುವುದು ಲಾಭದಾಯಕ.

ಸಮಯ: ಮೊದಲ ದಿನ ಕಿವಿಯ ನಾಳದಲ್ಲಿ ಬಿಳಿ ಮೇಣದಂಥ ವರ್ನಿಕ್ಸ್, ನಡುಗಿವಿಯಲ್ಲಿ ದ್ರವ ಇರುತ್ತವೆ. ಓಎಇಗೆ ಇವೆರಡೂ ಅಡ್ಡಿ. 24 ಗಂಟೆ ಕಳೆದ ಮೇಲೆ ಮಾಡಿದರೆ ರೆಫರ್ ಗಣನೀಯವಾಗಿ ಇಳಿಯುತ್ತದೆ. ಸಿಸೇರಿಯನ್ ಮಕ್ಕಳಲ್ಲಿ ದ್ರವ ಇನ್ನೂ ಹೆಚ್ಚು ಹೊತ್ತು ಉಳಿಯುವುದರಿಂದ, ತಾಯಿ ಹೇಗೂ ಹೆಚ್ಚು ದಿನ ಆಸ್ಪತ್ರೆಯಲ್ಲಿರುವುದರಿಂದ, ಎರಡು ದಿನ ಕಾಯುವುದು ಲೇಸು. ಹಾಗೆಂದು ಡಿಸ್ಚಾರ್ಜ್‌ನ ಬೆಳಿಗ್ಗೆವರೆಗೆ ಮುಂದೂಡಬೇಡಿ. ಮನೆಗೆ ಹೋಗುವ ಗಡಿಬಿಡಿಯಲ್ಲಿ ಮಗು ಅಳುತ್ತದೆ, ಮತ್ತೊಮ್ಮೆ ಪ್ರಯತ್ನಿಸಲು ಹೊತ್ತಿರುವುದಿಲ್ಲ. ಮೊದಲ ಪ್ರಯತ್ನಕ್ಕೂ ಡಿಸ್ಚಾರ್ಜ್‌ಗೂ ನಡುವೆ ಕೆಲವು ಗಂಟೆಗಳಾದರೂ ಉಳಿಯುವಂತೆ ಯೋಜಿಸಿ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಗರ್ಭಾವಧಿಯ ಲೆಕ್ಕದಲ್ಲಿ 34 ವಾರ ತುಂಬಿ ಸ್ಥಿತಿ ಸ್ಥಿರವಾದ ಮೇಲೆಯೇ ಪರೀಕ್ಷೆ.

ನಿದ್ದೆ: ಹಾಲು ಕುಡಿದು ಮಲಗಿದ ಮಗುವಿನಷ್ಟು ಸಹಕಾರ ಯಾವ ತಂತ್ರಜ್ಞಾನವೂ ಕೊಡುವುದಿಲ್ಲ. ಹಾಲುಣ್ಣುವಾಗಲೇ ಪರೀಕ್ಷೆ ಬೇಡ. ಚೀಪುವ ಸದ್ದು ಓಎಇಯನ್ನು, ದವಡೆಯ ಸ್ನಾಯುಗಳ ಚಲನೆ ಎಎಬಿಆರ್ ಅನ್ನು ಕೆಡಿಸುತ್ತದೆ.

ಪ್ರೋಬ್: ಸದ್ದು ಕೊಟ್ಟು ಪ್ರತಿಸದ್ದು ಹಿಡಿಯಲು ಕಿವಿಗೆ ಹಾಕುವ ಭಾಗವೇ ಪ್ರೋಬ್. ನವಜಾತ ಶಿಶುವಿನ ಕಿವಿಯ ನಾಳ ಮೆತ್ತಗಿದ್ದು ಕುಸಿದುಕೊಂಡಿರುತ್ತದೆ. ಕಿವಿಯಾಲೆಯನ್ನು ಮೆಲ್ಲಗೆ ಹಿಂದಕ್ಕೂ ಕೆಳಕ್ಕೂ ಎಳೆದು ನಾಳವನ್ನು ತೆರೆದುಕೊಳ್ಳಿ. ಒಂದು ಬದಿಗೆ ಒರಗಿ ಮಲಗಿದ್ದರೆ ಕೆಳಗಿನ ಕಿವಿ ಒತ್ತಿಹೋಗಿರುತ್ತದೆ, ಮೇಲಿನ ಕಿವಿಯಿಂದ ಶುರುಮಾಡಿ. ಪ್ರೋಬಿನ ತುದಿಗೆ ಹಾಕುವ ಟಿಪ್ ನಾಳಕ್ಕಿಂತ ತುಸು ದೊಡ್ಡದಿರಲಿ. ಸುತ್ತಲೂ ಬಿಗಿಯಾಗಿ ಕೂತು, ಕೈ ಬಿಟ್ಟರೂ ಜಾರದೆ ನಿಲ್ಲಬೇಕು. ಸಣ್ಣ ಟಿಪ್ಪನ್ನು ಬೆರಳಿನಿಂದ ಒತ್ತಿ ಹಿಡಿದರೆ ತುದಿ ನಾಳದ ಗೋಡೆಗೆ ತಾಗಿ ಸದ್ದು ಒಳಗೇ ಹೋಗುವುದಿಲ್ಲ, ಜೊತೆಗೆ ಕೈನಡುಕದ ಸದ್ದೂ ಮೈಕ್ರೋಫೋನಿಗೆ ಸೇರುತ್ತದೆ. ರೆಫರ್ ಬಂದರೆ ಮೊದಲು ಮಾಡಬೇಕಾದದ್ದು ಪ್ರೋಬ್ ಹೊರತೆಗೆದು ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡುವುದು. ಟಿಪ್ಪಿನ ರಂಧ್ರದಲ್ಲಿ ವರ್ನಿಕ್ಸ್ ಮೆತ್ತಿದ್ದರೆ ಹೊಸ ಟಿಪ್ ಹಾಕಿ, ಕಿವಿಯ ಮುಂದಿನ ಪುಟ್ಟ ಉಬ್ಬಿನ ಸುತ್ತ ಮೃದುವಾಗಿ ತಿಕ್ಕಿ, ಮತ್ತೆ ಕೂರಿಸಿ. ಕಿವಿಯೊಳಗೆ ಹತ್ತಿಕಡ್ಡಿ ಹಾಕಿ ಸ್ವಚ್ಛ ಮಾಡುವುದು ನಿಷಿದ್ಧ.

ಸದ್ದು: ಕೋಣೆಯ ಸದ್ದು 50 ಡೆಸಿಬೆಲ್‌ನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗಿರಲಿ. ಫ್ಯಾನ್, ಏಸಿ, ಮಾನಿಟರ್‌ಗಳ ಅಲಾರಂ, ಬಾಗಿಲು ಬಡಿಯುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸದ್ದಿನ ತೊಂದರೆ ಕೆಳ ಆವರ್ತನಗಳಲ್ಲಿ ಹೆಚ್ಚು. ಡಿಪಿಓಎಇಯಲ್ಲಿ (ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟು ಮಾಡುವ ಓಎಇ) 2 ಕಿಲೋಹರ್ಟ್ಜ್ ಬಿಂದುವಿನಲ್ಲಿ ಮಾತ್ರ ಪದೇಪದೇ ಪ್ರತಿಸದ್ದು ಸಿಗದಿದ್ದರೆ ಮಗುವಿನ ಕಿವಿಗಿಂತ ಮೊದಲು ಕೋಣೆಯನ್ನು ಶಂಕಿಸಿ.

ಎಲೆಕ್ಟ್ರೋಡ್: ಎಎಬಿಆರ್‌ನಲ್ಲಿ ಅರ್ಧ ಹೊತ್ತು ಹೋಗುವುದು ಚರ್ಮ ಸಿದ್ಧಪಡಿಸುವುದಕ್ಕೆ, ಹೋಗಲೂಬೇಕು. ಎಣ್ಣೆ, ಕ್ರೀಮ್, ವರ್ನಿಕ್ಸ್ ಒರೆಸಿ, ಪ್ರೆಪ್ ಜೆಲ್‌ನಿಂದ ಹಗುರವಾಗಿ ಉಜ್ಜಿ, ಒಣಗಿಸಿ ಆಮೇಲೆ ಅಂಟಿಸಿ. ಇಂಪಿಡೆನ್ಸ್ (ಚರ್ಮ ಮತ್ತು ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) ಯಂತ್ರದ ಕೈಪಿಡಿ ಹೇಳಿದ ಮಿತಿಯೊಳಗೆ ಬರಬೇಕು, ಮೂರೂ ಎಲೆಕ್ಟ್ರೋಡ್‌ಗಳ ಮೌಲ್ಯ ಹತ್ತಿರಹತ್ತಿರ ಇರಬೇಕು. ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಇದ್ದರೆ ಸುತ್ತಲಿನ ವಿದ್ಯುತ್ ಗದ್ದಲ ಸುಲಭವಾಗಿ ಒಳನುಗ್ಗುತ್ತದೆ. ಯಂತ್ರವನ್ನು ಚಾರ್ಜರ್‌ನಿಂದ ಬಿಡಿಸಿ ಬ್ಯಾಟರಿಯಲ್ಲಿ ನಡೆಸಿ. ಮೊಬೈಲ್ ದೂರವಿಡಿ. ಮಗುವನ್ನು ಬೆಚ್ಚಗಿಡುವ ವಾರ್ಮರ್, ಕಾಮಾಲೆಗೆ ಬಳಸುವ ಫೋಟೋಥೆರಪಿ ದೀಪಗಳಿಂದ ಅಂತರವಿರಲಿ. ಅಂತರ ಸಾಧ್ಯವಿಲ್ಲದಿದ್ದರೆ, ವೈದ್ಯರ ಒಪ್ಪಿಗೆಯಿದ್ದಾಗ ಮಾತ್ರ, ಕೆಲ ನಿಮಿಷ ಫೋಟೋಥೆರಪಿ ನಿಲ್ಲಿಸಿ ಪರೀಕ್ಷಿಸಿ.

ಪಾಸ್ ಬರುವವರೆಗೆ ಒತ್ತುತ್ತಾ ಹೋಗಬಾರದು

ಈ ಕ್ಷೇತ್ರದಲ್ಲಿ ಅತ್ಯಂತ ಅಪಾಯಕಾರಿ ಅಭ್ಯಾಸ ಇದೇ. ಒಳ್ಳೆಯ ಉದ್ದೇಶದಿಂದಲೇ ಬರುತ್ತದೆ ಎಂಬುದು ಇನ್ನೂ ಕಷ್ಟದ ಸಂಗತಿ. ತಾಯಿಗೆ ಆತಂಕ ಬೇಡ, ರೆಫರ್ ಪ್ರಮಾಣ ಏರುವುದು ಬೇಡ ಎಂದು ಸ್ಕ್ರೀನರ್ (ತಪಾಸಣೆ ಮಾಡುವವರು) ಐದಾರು ಸಲ ಗುಂಡಿ ಒತ್ತುತ್ತಾರೆ. ಏಳನೆಯ ಸಲ ಹಸಿರು ದೀಪ ಬರುತ್ತದೆ.

ಲೆಕ್ಕ ಹೀಗಿದೆ. ನಿಜವಾಗಿ ಶ್ರವಣದೋಷವಿರುವ ಕಿವಿ ಒಂದು ಪರೀಕ್ಷೆಯಲ್ಲಿ ಆಕಸ್ಮಿಕವಾಗಿ ಪಾಸ್ ಆಗುವ ಸಾಧ್ಯತೆ ಶೇ. 1 ಎಂದಿಟ್ಟುಕೊಳ್ಳಿ. ಐದು ಸಲ ಮಾಡಿದರೆ ಅದು ಸುಮಾರು ಶೇ. 5, ಹತ್ತು ಸಲ ಮಾಡಿದರೆ ಶೇ. 10ರ ಹತ್ತಿರ. ಕಾಗದದಲ್ಲಿ ಮಾತ್ರ ‘ಪಾಸ್’ ಎಂಬ ಒಂದೇ ಪದ ಉಳಿಯುತ್ತದೆ.

ನಿಯಮ ಸರಳವಾಗಿರಲಿ. ಒಂದು ಸರದಿಯಲ್ಲಿ ಒಂದು ಕಿವಿಗೆ ಹೆಚ್ಚೆಂದರೆ ಎರಡು ಸಮರ್ಪಕ ಪ್ರಯತ್ನ. ಪ್ರೋಬ್ ಸರಿಯಾಗಿ ಕೂತು, ಸದ್ದು ಮಿತಿಯಲ್ಲಿದ್ದು, ಯಂತ್ರ ಕೊನೆಯವರೆಗೆ ಓಡಿದರೆ ಅದು ಸಮರ್ಪಕ. ಸದ್ದಿನಿಂದ ಮಧ್ಯದಲ್ಲೇ ನಿಂತದ್ದು ಈ ಎಣಿಕೆಗೆ ಬರುವುದಿಲ್ಲ, ಆದರೆ ದಾಖಲೆಯಲ್ಲಿ ಇರಬೇಕು. ಎರಡೂ ರೆಫರ್ ಆದರೆ ಆ ಸರದಿ ಮುಗಿಯಿತು. ಕೆಲ ಗಂಟೆಗಳ ನಂತರವೋ ಮರುದಿನವೋ ಇನ್ನೊಂದು ಸರದಿ. ಮರುತಪಾಸಣೆಯಲ್ಲಿ, ಮೊದಲು ಒಂದೇ ಕಿವಿ ರೆಫರ್ ಆಗಿದ್ದರೂ ಎರಡೂ ಕಿವಿಗಳನ್ನು ಪರೀಕ್ಷಿಸಿ. ನಿನ್ನೆಯ ಎಡಗಿವಿಯ ಪಾಸನ್ನೂ ಇಂದಿನ ಬಲಗಿವಿಯ ಪಾಸನ್ನೂ ಜೋಡಿಸಿ ಒಂದು ಪಾಸ್ ಮಾಡಬಾರದು.

ಇದನ್ನು ಪರಿಶೀಲಿಸುವುದು ಸುಲಭ, ಏಕೆಂದರೆ ಬಹುತೇಕ ಯಂತ್ರಗಳು ಪ್ರತಿ ಪ್ರಯತ್ನವನ್ನೂ ಸಮಯದ ಸಮೇತ ನೆನಪಿಟ್ಟುಕೊಳ್ಳುತ್ತವೆ. ತಿಂಗಳಿಗೊಮ್ಮೆ ಆ ಪಟ್ಟಿ ಇಳಿಸಿಕೊಂಡು, ಒಂದೇ ಕಿವಿಗೆ ನಾಲ್ಕಕ್ಕಿಂತ ಹೆಚ್ಚು ಪ್ರಯತ್ನ ನಡೆದು ಪಾಸ್ ಎಂದು ಮುಗಿದ ಮಕ್ಕಳನ್ನು ಪ್ರತ್ಯೇಕಿಸಿ. ಅವರನ್ನು ಪಾಸ್ ಎಂದು ಬಿಡದೆ ಮತ್ತೆ ಕರೆಸಿ ಪರೀಕ್ಷಿಸುವುದೇ ನ್ಯಾಯ. ಬಲಗಿವಿ–ಎಡಗಿವಿಯ ಎರಡೂ ಫಲಿತಾಂಶ ಒಂದೇ ನಿಮಿಷದ ಅಂತರದಲ್ಲಿ, ತೀರಾ ಹೋಲುವ ಅಂಕಿಗಳೊಂದಿಗೆ ಬಂದಿದ್ದರೆ ಒಂದೇ ಕಿವಿಯನ್ನು ಎರಡು ಬಾರಿ ಪರೀಕ್ಷಿಸಿರಬಹುದೇ ಎಂದೂ ನೋಡಿ. ಬಲಕ್ಕೆ ಕೆಂಪು, ಎಡಕ್ಕೆ ನೀಲಿ ಎಂಬ ಬಣ್ಣದ ಪದ್ಧತಿಯನ್ನು ತೊಟ್ಟಿಲ ಬಳಿಯೂ ಪಾಲಿಸಿದರೆ ಈ ಅದಲುಬದಲು ಕಡಿಮೆಯಾಗುತ್ತದೆ.

ಯಂತ್ರದ ದಿನಚರಿ

ಬೆಳಿಗ್ಗೆ ಮೊದಲ ಮಗುವಿಗೆ ಮುನ್ನ ಎರಡು ಪರೀಕ್ಷೆ ಮಾಡಿ, ಎರಡೂ ಬೇಕು. ಶ್ರವಣ ಸರಿಯಿರುವ ಸಿಬ್ಬಂದಿಯೊಬ್ಬರ ಕಿವಿಗೆ ಓಎಇ ಪ್ರೋಬ್ ಹಾಕಿದರೆ ಪಾಸ್ ಬರಬೇಕು. ಅದೇ ಪ್ರೋಬನ್ನು ಯಂತ್ರದೊಂದಿಗೆ ಬರುವ ಟೆಸ್ಟ್ ಕ್ಯಾವಿಟಿ ಎಂಬ ಪ್ಲಾಸ್ಟಿಕ್ ಕೊಳವೆಗೆ ಹಾಕಿದರೆ ಪಾಸ್ ಬರಬಾರದು. ಹೆಚ್ಚಿನ ಕಡೆ ಮೊದಲನೆಯದನ್ನಷ್ಟೇ ಮಾಡಿ ಮುಗಿಸುತ್ತಾರೆ, ಆದರೆ ಕಿವುಡು ಮಗುವನ್ನು ಉಳಿಸುವುದು ಎರಡನೆಯದು. ಪ್ಲಾಸ್ಟಿಕ್ ಕೊಳವೆಗೂ ಪಾಸ್ ಕೊಡುವ ಯಂತ್ರವನ್ನು ಆ ಕ್ಷಣವೇ ನಿಲ್ಲಿಸಿ, ಹಿಂದಿನ ಬಾರಿ ಸರಿಯಿದ್ದ ದಿನದಿಂದ ಈಚೆಗೆ ಅದರಲ್ಲಿ ಪಾಸ್ ಆದ ಎಲ್ಲ ಮಕ್ಕಳನ್ನೂ ಮತ್ತೆ ಕರೆಸಬೇಕು. ದಿನವೂ ನೋಡಿದ್ದರೆ ಕರೆಸಬೇಕಾದವರು ಒಂದು ದಿನದವರು, ತಿಂಗಳಿಗೊಮ್ಮೆ ನೋಡಿದ್ದರೆ ಒಂದು ತಿಂಗಳವರು.

ಯಂತ್ರದ ದಿನಾಂಕ, ಸಮಯ ಸರಿಯಿದೆಯೇ ನೋಡಿ. ಪ್ರೋಬ್ ಬುಡದಲ್ಲಿ ಬಾಗಿ ತಂತಿ ಸವೆದಿದ್ದರೆ ಫಲಿತಾಂಶ ಒಮ್ಮೆ ಸರಿ, ಒಮ್ಮೆ ತಪ್ಪು ಬರುತ್ತದೆ. ಇಂಥ ‘ಬಂದು ಹೋಗುವ’ ದೋಷವೇ ಅತಿ ಹೆಚ್ಚು ಕಾಲ ಅಡಗಿರುವುದು. ಕ್ಯಾಲಿಬ್ರೇಶನ್, ಅಂದರೆ ಯಂತ್ರದ ಅಳತೆಯನ್ನು ಪರಿಶೀಲಿಸಿ ಸರಿಹೊಂದಿಸುವುದು, ವರ್ಷಕ್ಕೊಮ್ಮೆ ಆಗಬೇಕು. ಪ್ರೋಬ್ ಬದಲಿಸಿದಾಗ, ಯಂತ್ರ ಕೈಜಾರಿ ಬಿದ್ದಾಗ ವರ್ಷ ತುಂಬುವವರೆಗೆ ಕಾಯಬಾರದು. ಕ್ಯಾಲಿಬ್ರೇಶನ್‌ಗೆ ಹೋದಾಗ ಬದಲಿ ಯಂತ್ರವಿಲ್ಲದೆ ವಾರಗಟ್ಟಲೆ ತಪಾಸಣೆಯೇ ನಿಲ್ಲುವುದುಂಟು. ಆ ವಾರದ ಮಕ್ಕಳ ಪಟ್ಟಿ ಮಾಡಿ ಹೊರರೋಗಿಗಳಾಗಿ ಕರೆಸುವ ವ್ಯವಸ್ಥೆ ಮೊದಲೇ ಬರೆದಿಡಿ.

ಪಾಸ್ ಮಾನದಂಡವನ್ನು ಯಾರೂ ಬದಲಿಸದಂತೆ ಪಾಸ್‌ವರ್ಡ್ ಹಾಕಿ. ಡಿಪಿಓಎಇಯಲ್ಲಿ ಸಾಮಾನ್ಯ ಸೆಟ್ಟಿಂಗ್ 65/55 ಡೆಸಿಬೆಲ್ ಸದ್ದುಜೋಡಿ, 2ರಿಂದ 5 ಕಿಲೋಹರ್ಟ್ಜ್ ನಡುವಿನ ನಾಲ್ಕು ಬಿಂದು, ಮೂರರಲ್ಲಿ ಪ್ರತಿಸದ್ದು ಗದ್ದಲಕ್ಕಿಂತ 6 ಡೆಸಿಬೆಲ್ ಮೇಲಿರಬೇಕು ಎಂಬುದು. ಇದನ್ನು ‘ನಾಲ್ಕರಲ್ಲಿ ಎರಡು’ ಎಂದು ಸಡಿಲಿಸಿದರೆ ರೆಫರ್ ಪ್ರಮಾಣ ಮರುದಿನವೇ ಸುಂದರವಾಗಿ ಇಳಿಯುತ್ತದೆ, ಮಕ್ಕಳ ಕಿವಿ ಇದ್ದಂತೆಯೇ ಇರುತ್ತದೆ.

ಸಂಖ್ಯೆಗಳನ್ನು ಓದುವುದು

ರೆಫರ್ ಪ್ರಮಾಣವನ್ನು ಹಂತವಾರು ಬೇರೆಬೇರೆಯಾಗಿ ಬರೆಯಿರಿ. ಮೊದಲ ಓಎಇಯ ರೆಫರ್ ಹೆಚ್ಚಿರುವುದು ಸಹಜ. ಶೇ. 4 ಎಂಬ ಅಳತೆ ತಪಾಸಣೆಯ ಎಲ್ಲ ಹಂತ ಮುಗಿದ ಮೇಲಿನದು.

ತಿಂಗಳಿಗೆ 200 ಮಕ್ಕಳು, ಎಂದಿನ ರೆಫರ್ ಶೇ. 4 ಇರುವ ಕಡೆ ನಿರೀಕ್ಷೆ 8. ಆದರೆ ಬರೀ ಆಕಸ್ಮಿಕವಾಗಿಯೇ ಒಂದು ತಿಂಗಳು 3, ಇನ್ನೊಂದು ತಿಂಗಳು 13 ಬರಬಹುದು. 14 ದಾಟಿದರೆ ಕಾರಣ ಹುಡುಕಿ, 17 ದಾಟಿದರೆ ಅಂದೇ ಹುಡುಕಿ. ಮೂರ್ನಾಲ್ಕು ತಿಂಗಳಿಂದ ಏರುತ್ತಲೇ ಇದ್ದರೆ 14ರವರೆಗೆ ಕಾಯುವ ಅಗತ್ಯವಿಲ್ಲ. ಎಂಟು ಒಂಬತ್ತಾಯಿತೆಂದು ಪ್ರತಿ ತಿಂಗಳೂ ಸಿಬ್ಬಂದಿಯನ್ನು ಪ್ರಶ್ನಿಸಿದರೆ ಅವರು ಕಲಿಯುವುದು ಒಂದೇ ಪಾಠ: ಪಾಸ್ ಬರುವವರೆಗೆ ಒತ್ತುವುದು.

ಸ್ಕ್ರೀನರ್‌ವಾರು ನೋಡಿದಾಗ ಎರಡು ತುದಿಗಳನ್ನೂ ಗಮನಿಸಿ. ಒಬ್ಬರ 50 ಮಕ್ಕಳಲ್ಲಿ 5 ಅಥವಾ ಹೆಚ್ಚು ರೆಫರ್ ಇದ್ದರೆ ಪಕ್ಕದಲ್ಲಿ ನಿಂತು ಅವರ ಕೆಲಸ ನೋಡಿ, ಸಾಮಾನ್ಯವಾಗಿ ಪ್ರೋಬ್ ಕೂರಿಸುವುದರಲ್ಲೇ ಉತ್ತರ ಸಿಗುತ್ತದೆ. 50 ಮಕ್ಕಳಲ್ಲಿ ಒಂದೂ ರೆಫರ್ ಇಲ್ಲದಿರುವುದು ಆಕಸ್ಮಿಕವಾಗಿ ಏಳೆಂಟು ಸಲಕ್ಕೊಮ್ಮೆ ಆಗಬಹುದು. ಆದರೆ 150 ಮಕ್ಕಳಲ್ಲಿ ಒಂದೂ ಇಲ್ಲವೆಂದರೆ ಅದು ಸುಮಾರು 500 ಸಲಕ್ಕೊಮ್ಮೆ ಆಗುವಂಥದ್ದು. ಅವರನ್ನು ಅಭಿನಂದಿಸುವ ಮೊದಲು ಯಂತ್ರದ ಪ್ರಯತ್ನಗಳ ಪಟ್ಟಿ ತೆರೆದು ನೋಡಿ. ಕಡಿಮೆ ಜನ ಹೆಚ್ಚು ಪರೀಕ್ಷೆ ಮಾಡುವ ಏರ್ಪಾಟು, ಎಲ್ಲರೂ ಆಗೊಮ್ಮೆ ಈಗೊಮ್ಮೆ ಮಾಡುವುದಕ್ಕಿಂತ ಮೇಲು.

ಇನ್ನೊಂದು ಅಳತೆ, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು: ಎಷ್ಟು ಮಕ್ಕಳಲ್ಲಿ ಶ್ರವಣದೋಷ ದೃಢಪಟ್ಟಿತು? 1,000 ಮಕ್ಕಳ ತಪಾಸಣೆಯಲ್ಲಿ ಒಂದೂ ಸಿಗದಿರುವುದು ಅಸಹಜವಲ್ಲ. ಸಾವಿರಕ್ಕೆ ಒಂದು ಎಂಬ ಕನಿಷ್ಠ ಲೆಕ್ಕದಲ್ಲೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹಾಗಾಗುತ್ತದೆ. 3,000 ಮಕ್ಕಳಲ್ಲಿ ಒಂದೂ ಇಲ್ಲವೆಂದರೆ ಆ ಸಾಧ್ಯತೆ ಶೇ. 5ಕ್ಕೆ ಇಳಿಯುತ್ತದೆ. 5,000 ದಾಟಿಯೂ ಶೂನ್ಯವೆಂದರೆ ಶೇ. 1ಕ್ಕಿಂತ ಕಡಿಮೆ. ಅಲ್ಲಿ ಮಕ್ಕಳು ಖಂಡಿತ ಇದ್ದಾರೆ, ಕಾರ್ಯಕ್ರಮ ಅವರನ್ನು ಎಲ್ಲೋ ಬಿಟ್ಟುಬಿಡುತ್ತಿದೆ. ಸಣ್ಣ ಆಸ್ಪತ್ರೆಗಳು ಒಂದು ವರ್ಷದ ಅಂಕಿಯಿಂದ ತೀರ್ಮಾನಕ್ಕೆ ಬರದೆ ಮೂರು–ನಾಲ್ಕು ವರ್ಷದ್ದನ್ನು ಒಟ್ಟುಗೂಡಿಸಿ ನೋಡಬೇಕು.

ರೆಫರ್ ಆದ ನಂತರ

ಕಾರ್ಯಕ್ರಮಗಳು ಹೆಚ್ಚಾಗಿ ಸೋಲುವುದು ಇಲ್ಲಿ. 1,000 ಮಕ್ಕಳಲ್ಲಿ 40 ಮಕ್ಕಳನ್ನು ಕಳುಹಿಸಿ, 28 ಬಂದು, ಇಬ್ಬರಲ್ಲಿ ದೋಷ ಸಿಕ್ಕಿತು ಎನ್ನೋಣ. ಬಾರದ 12 ಮಕ್ಕಳ ಬಗ್ಗೆ ಏನೂ ಗೊತ್ತಿಲ್ಲ. ವರದಿಯಲ್ಲಿ ಆ 12 ಪ್ರತ್ಯೇಕ ಸಾಲಾಗಿಯೇ ಕಾಣಬೇಕು.

ಪೋಷಕರಿಗೆ ಹೇಳುವ ಮಾತೇ ಅವರು ಮತ್ತೆ ಬರುತ್ತಾರೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ‘ಕಿವೀಲಿ ನೀರಿರಬೇಕು ಅಷ್ಟೆ, ಚಿಂತೆ ಮಾಡಬೇಡಿ’ ಎಂದರೆ ಅವರು ಚಿಂತೆಯನ್ನೂ ಬಿಡುತ್ತಾರೆ, ಬರುವುದನ್ನೂ ಬಿಡುತ್ತಾರೆ. ‘ಫೇಲ್ ಆಗಿದೆ’ ಎಂದರೆ ಎದೆಯೊಡೆಯುತ್ತದೆ. ಹೀಗೆ ಹೇಳಿ: ‘ಅಮ್ಮಾ, ಇವತ್ತಿನ ಪರೀಕ್ಷೆಯಲ್ಲಿ ಮಗುವಿನ ಬಲಗಿವಿಯಿಂದ ನಮಗೆ ಬೇಕಾದಷ್ಟು ಸ್ಪಷ್ಟ ಉತ್ತರ ಸಿಗಲಿಲ್ಲ. ಇದಕ್ಕೆ ಬೇರೆಬೇರೆ ಕಾರಣ ಇರಬಹುದು, ಕೇಳಿಸುವ ತೊಂದರೆಯೂ ಅದರಲ್ಲೊಂದು. ಅದು ಇದೆಯೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಇನ್ನೊಂದು ಪರೀಕ್ಷೆ ಆಗಲೇಬೇಕು. ಇಂಥ ದಿನ, ಇಷ್ಟು ಗಂಟೆಗೆ ಸಮಯ ಇಟ್ಟಿದ್ದೇವೆ.’ ದಿನ, ಗಂಟೆ, ಜಾಗ ಬರೆದ ಚೀಟಿ ಡಿಸ್ಚಾರ್ಜ್‌ಗೆ ಮೊದಲೇ ಕೈಯಲ್ಲಿರಬೇಕು. ‘ಫೋನ್ ಮಾಡಿ ಬನ್ನಿ’ ಎಂದರೆ ಸಾಲದು. ಎರಡು ಫೋನ್ ನಂಬರ್ ತೆಗೆದುಕೊಳ್ಳಿ: ಒಂದು ತಾಯಿಯದು, ಇನ್ನೊಂದು ಆಕೆ ಬಾಣಂತನಕ್ಕೆ ಇರಲಿರುವ ಮನೆಯದು. ಮೊದಲ ನಂಬರಿಗೆ ಅಲ್ಲೇ ಒಮ್ಮೆ ಕರೆ ಮಾಡಿ ರಿಂಗ್ ಆಗುವುದನ್ನು ನೋಡಿ.

ಮರುತಪಾಸಣೆಯನ್ನು ತಿಂಗಳ ಕೊನೆಗೆ ತಳ್ಳದಿರಲು ಇನ್ನೊಂದು ಗಟ್ಟಿ ಕಾರಣವಿದೆ. ಗರ್ಭದಲ್ಲೇ ಮಗುವಿಗೆ ತಗುಲಿ ಶ್ರವಣದೋಷ ತರಬಲ್ಲ ಸೈಟೊಮೆಗಾಲೊವೈರಸ್ ಸೋಂಕು ಹುಟ್ಟಿನೊಂದಿಗೇ ಬಂದದ್ದೇ ಎಂದು ಹೇಳಬೇಕಾದರೆ ಮೂತ್ರ ಅಥವಾ ಜೊಲ್ಲಿನ ಪರೀಕ್ಷೆ ಹುಟ್ಟಿದ 21 ದಿನದೊಳಗೆ ಆಗಬೇಕು. ಆಮೇಲೆ ಸಿಕ್ಕ ವೈರಸ್ ಹುಟ್ಟಿದ ನಂತರ ಅಂಟಿದ್ದೂ ಇರಬಹುದು. ಆದ್ದರಿಂದ ಮರುತಪಾಸಣೆ ಎರಡು ವಾರದೊಳಗೆ ಮುಗಿಯುವಂತೆ ಇಟ್ಟುಕೊಳ್ಳಿ.

ಬಾರದವರಿಗೆ ಮರುದಿನವೇ ಕರೆ, ವಾರದೊಳಗೆ ಬೇರೆ ಹೊತ್ತಿನಲ್ಲಿ ಇನ್ನೆರಡು ಕರೆ, ಆಮೇಲೆ ಲಿಖಿತ ಸಂದೇಶ, ಲಸಿಕೆಗೆ ಬರುವ ದಿನ ಅಲ್ಲಿಯೇ ಹಿಡಿಯುವುದು — ಈ ಕ್ರಮ ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೊಣೆಯಾಗಿರಬೇಕು. ಲಸಿಕೆಯ ಕಾರ್ಡಿನ ಮೇಲೆ ‘ಶ್ರವಣ ಪರೀಕ್ಷೆ ಬಾಕಿ’ ಎಂಬ ಮುದ್ರೆ ಬಿದ್ದರೆ ಎಲ್ಲಿ ಹೋದರೂ ಯಾರಾದರೂ ಕೇಳುತ್ತಾರೆ. ಬಾರದ ಕಾರಣವನ್ನೂ ಬರೆದಿಡಿ. ದೂರ, ಕೂಲಿ ತಪ್ಪುವುದು, ಮಗು ಸದ್ದಿಗೆ ಬೆಚ್ಚುತ್ತದೆ ಎಂಬ ನಂಬಿಕೆ, ವೈದ್ಯರೇ ಬೇಡವೆಂದದ್ದು: ಒಂದೊಂದಕ್ಕೂ ಪರಿಹಾರ ಬೇರೆ. ಕೊನೆಯ ಕಾರಣ ಪದೇಪದೇ ಬರುತ್ತಿದ್ದರೆ ತರಬೇತಿ ಬೇಕಾದದ್ದು ಪೋಷಕರಿಗಲ್ಲ.

ಆಡಿಯಾಲಜಿಸ್ಟ್ ಬಳಿ ಹೋದ ಮಗುವಿನ ಕಡತವನ್ನು ‘ನಡುಗಿವಿಯಲ್ಲಿ ದ್ರವವಿದೆ’ ಎಂಬ ಟಿಪ್ಪಣಿಯೊಂದಿಗೆ ಮುಚ್ಚಬಾರದು. ದ್ರವದ ಜೊತೆಗೆ ನರದ ದೋಷವೂ ಇರಬಹುದು. ಎರಡೂ ಕಿವಿಗಳ ಶ್ರವಣಮಟ್ಟ ತಿಳಿಯುವವರೆಗೆ ಅದು ಬಾಕಿಯೇ.

ಪಾಸ್ ಆದ ಮಕ್ಕಳು ಮತ್ತು ತಪ್ಪಿಹೋದವರ ಪರಿಶೀಲನೆ

ತಪಾಸಣೆ ಅಲ್ಪ ಪ್ರಮಾಣದ ಶ್ರವಣದೋಷವನ್ನು ಹಿಡಿಯುವಂತೆ ರೂಪುಗೊಂಡಿಲ್ಲ, ಹುಟ್ಟಿದ ನಂತರ ಬರುವುದನ್ನು ಹಿಡಿಯಲಾರದು. ಕುಟುಂಬದಲ್ಲಿ ಬಾಲ್ಯದಿಂದಲೇ ಶ್ರವಣದೋಷ, ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯು ವಾಸ ಅಥವಾ ಜೆಂಟಾಮೈಸಿನ್‌ನಂಥ ಅಮಿನೋಗ್ಲೈಕೊಸೈಡ್ ಔಷಧಿ, ಹುಟ್ಟುವಾಗ ಉಸಿರುಗಟ್ಟಿ ಮೆದುಳಿಗೆ ಪೆಟ್ಟು, ಗರ್ಭದಲ್ಲಿ ಸೈಟೊಮೆಗಾಲೊವೈರಸ್ ಸೋಂಕು ಇಂಥ ಅಪಾಯಗಳಿದ್ದ ಮಗು ಪಾಸ್ ಆಗಿದ್ದರೂ ಒಂಬತ್ತು ತಿಂಗಳೊಳಗೆ ಆಡಿಯಾಲಜಿಸ್ಟ್ ನೋಡಬೇಕು. ಸೈಟೊಮೆಗಾಲೊವೈರಸ್‌ನ ಮಕ್ಕಳನ್ನು ಅದಕ್ಕೂ ಬೇಗ, ಪದೇಪದೇ. ಅಪಾಯದ ಪಟ್ಟಿಯನ್ನು ತಪಾಸಣೆಯ ಹಾಳೆಯಲ್ಲೇ ಮುದ್ರಿಸಿ, ‘ಇಲ್ಲ’ ಎಂಬುದಕ್ಕೂ ಗುರುತು ಹಾಕುವಂತಿರಲಿ. ಖಾಲಿ ಬಿಟ್ಟ ಜಾಗ ಇಲ್ಲ ಎಂದೋ ಕೇಳಿಲ್ಲ ಎಂದೋ ಆಮೇಲೆ ತಿಳಿಯುವುದಿಲ್ಲ.

ಪಾಸ್ ಆಗಿದ್ದ ಮಗುವಿಗೆ ಮುಂದೆ ಶ್ರವಣದೋಷ ಪತ್ತೆಯಾದ ಸುದ್ದಿ ನಿಮಗೆ ತಲುಪುವಂತೆ ಸುತ್ತಲಿನ ಆಡಿಯಾಲಜಿಸ್ಟ್‌ಗಳ ಜೊತೆ ಮಾತಾಡಿಟ್ಟುಕೊಳ್ಳಿ. ಸುದ್ದಿ ಬಂದ ದಿನ ಆ ಮಗುವಿನ ಎಲ್ಲ ಪ್ರಯತ್ನಗಳ ದಾಖಲೆ, ಅಂದಿನ ಯಂತ್ರದ ಬೆಳಗಿನ ಪರೀಕ್ಷೆಯ ಪುಟ, ಬಳಸಿದ ವಿಧಾನ, ಅಪಾಯದ ಪಟ್ಟಿ ನಾಲ್ಕನ್ನೂ ಮೇಜಿನ ಮೇಲಿಡಿ. ನೋಡಬೇಕಾದದ್ದು ಈ ಕ್ರಮದಲ್ಲಿ: ಯಂತ್ರ ಸರಿಯಿತ್ತೇ, ಸರಿಯಾದ ಪರೀಕ್ಷೆ ಮಾಡಲಾಗಿತ್ತೇ, ಎಷ್ಟು ಪ್ರಯತ್ನ ಆಗಿತ್ತು, ಎರಡೂ ಕಿವಿ ನಿಜವಾಗಿ ಪರೀಕ್ಷೆಯಾಗಿತ್ತೇ, ನಂತರ ಬಂದ ದೋಷವೇ ಇದು. ಯಂತ್ರದ್ದೋ ವಿಧಾನದ್ದೋ ತಪ್ಪು ಎಂದು ಕಂಡರೆ ಅದೇ ಯಂತ್ರದಲ್ಲಿ ಅದೇ ಅವಧಿಯಲ್ಲಿ ಪಾಸ್ ಆದ ಉಳಿದ ಮಕ್ಕಳ ಪಟ್ಟಿಯನ್ನು ಅಂದೇ ತೆಗೆದು ಕರೆ ಮಾಡಲು ಶುರುಮಾಡಿ. ಸ್ಕ್ರೀನರ್‌ನ ಹೆಸರು ಚರ್ಚೆಗೆ ಬರಬೇಕಾದದ್ದು ಅದರ ನಂತರ, ಅದೂ ಅವರ ಎದುರಿನಲ್ಲೇ.